ಬಟ್ಟೆಯೊಳಗೆ ಒಯ್ಯಲು ಎಷ್ಟು ಚಿಕ್ಕ ಪಿಸ್ತೂಲು ಸರಿ?

ಪ್ರಶ್ನೆ: ಆತ್ಮರಕ್ಷಣೆಗಾಗಿ ಪಿಸ್ತೂಲು ಇಟ್ಟುಕೊಳ್ಳಲೂ ಅದನ್ನು ಹೊರಗೆ ಕಾಣದಂತೆ ಒಯ್ಯಲೂ ನನಗೆ ಪರವಾನಗಿ ಸಿಕ್ಕಿದೆ. ನಾನು ತೆಳ್ಳನೆಯ ಮೈಕಟ್ಟಿನವಳು, ಕೈಗಳೂ ಚಿಕ್ಕವು. ತರಬೇತಿಯಲ್ಲಿ ದೊಡ್ಡ ಪಿಸ್ತೂಲಿನಿಂದ ಮಾತ್ರ ಗುಂಡು ಹಾರಿಸಿದ್ದೇನೆ. ಜೇಬಿನಲ್ಲಿ ಹಿಡಿಸುವ, .380 ಅಳತೆಯ ತೋಟಾದ ಪಿಸ್ತೂಲು, ಸಣ್ಣ 9 ಎಂಎಂ ಪಿಸ್ತೂಲು, ಐದು ಗುಂಡಿನ ರಿವಾಲ್ವರ್ – ಈ ಮೂರರಲ್ಲಿ ಯಾವುದನ್ನು ತೆಗೆದುಕೊಳ್ಳಬೇಕೆಂದು ತೀರ್ಮಾನಿಸಲು ಆಗುತ್ತಿಲ್ಲ. ‘ಕೈ ಚಿಕ್ಕದಿದ್ದರೆ ಪಿಸ್ತೂಲೂ ಚಿಕ್ಕದೇ ಇರಲಿ’ ಎಂದು ಪರಿಚಯದವರೊಬ್ಬರು ಹೇಳಿದರು. ಅದು ಸರಿಯೇ?

ಉತ್ತರ: ನಿಮಗೆ ಸಿಕ್ಕಿರುವ ಸಲಹೆ ಒಳ್ಳೆಯ ಮನಸ್ಸಿನಿಂದಲೇ ಬಂದಿರಬಹುದು, ಆದರೆ ಅದು ತಲೆಕೆಳಗಾದ ಸಲಹೆ. ಪಿಸ್ತೂಲು ಚಿಕ್ಕದಾದಷ್ಟೂ ಒಯ್ಯುವುದು ಸುಲಭವಾಗುತ್ತದೆ, ಹಾರಿಸುವುದು ಕಷ್ಟವಾಗುತ್ತದೆ. ಅತಿ ಚಿಕ್ಕ ಪಿಸ್ತೂಲು ಪಳಗಿದ ಕೈಗೆ ತಕ್ಕದ್ದೇ ಹೊರತು ಹೊಸಬರಿಗೆ ತಕ್ಕದ್ದಲ್ಲ. ಆದ್ದರಿಂದ ಅಂಗಡಿಯಲ್ಲಿರುವ ಪಿಸ್ತೂಲುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಯಾವುದೆಂದು ಕೇಳುವ ಬದಲು, ನೀವು ದಿನವೂ ತೊಡುವ ಉಡುಪಿನೊಳಗೆ ಕಾಣದಂತೆ ನಿಲ್ಲಬಲ್ಲ ಪಿಸ್ತೂಲುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೆಂದು ಕೇಳಿಕೊಳ್ಳಿ. ಪ್ರಶ್ನೆಯನ್ನು ಹೀಗೆ ತಿರುಗಿಸಿದರೆ ನಿಮ್ಮ ಮುಂದಿರುವ ಮೂರರಲ್ಲಿ ಎರಡು ತಾವಾಗಿಯೇ ಹಿಂದೆ ಸರಿಯುತ್ತವೆ.

ಮೊದಲು ತೂಕದ ಮಾತು. ಗುಂಡು ಮುಂದಕ್ಕೆ ಹೊರಟಾಗ ಪಿಸ್ತೂಲು ಅಷ್ಟೇ ಆವೇಗದಿಂದ ಹಿಂದಕ್ಕೆ ಒದೆಯುತ್ತದೆ. ತೋಟಾ ಒಂದೇ ಆಗಿದ್ದು, ಒಂದು ಪಿಸ್ತೂಲು 1 ಕಿಲೋ, ಇನ್ನೊಂದು ಅರ್ಧ ಕಿಲೋ ತೂಗಿದರೆ, ಹಗುರವಾದದ್ದು ಎರಡು ಪಟ್ಟು ವೇಗದಲ್ಲಿ ಹಿಂದಕ್ಕೆ ಬರುತ್ತದೆ ಮತ್ತು ನಿಮ್ಮ ಕೈ ತಡೆದುಕೊಳ್ಳಬೇಕಾದ ಶಕ್ತಿಯೂ ಎರಡು ಪಟ್ಟಾಗುತ್ತದೆ. ಪೆಟ್ಟಿಗೆಯ ಮೇಲೆ ಬರೆದಿರುವ ತೂಕವನ್ನು ಓದುವಾಗ ಎಲ್ಲರೂ ಸೊಂಟಕ್ಕೆ ಎಷ್ಟು ಭಾರವಾದೀತು ಎಂದು ಯೋಚಿಸುತ್ತಾರೆ. ಅದೇ ಅಂಕಿ ಅಂಗೈಗೆ ಎಷ್ಟು ಒದೆತ ಕೊಟ್ಟೀತು ಎಂಬುದನ್ನೂ ಹೇಳುತ್ತದೆ. ಇದರ ಜೊತೆಗೆ, ಚಿಕ್ಕ ಪಿಸ್ತೂಲಿನ ಸ್ಲೈಡ್ (ನಳಿಗೆಯ ಮೇಲೆ ಹಿಂದೆ ಮುಂದೆ ಸರಿಯುವ ಲೋಹದ ಭಾಗ) ಹಗುರವಾಗಿರುವುದರಿಂದ ಅದನ್ನು ತಡೆಯುವ ಸ್ಪ್ರಿಂಗ್ ಗಡುಸಾಗಿರಬೇಕಾಗುತ್ತದೆ. ಅಂದರೆ ನೋಡಲು ಆಟಿಕೆಯಂತಿರುವ ಪಿಸ್ತೂಲಿನ ಸ್ಲೈಡನ್ನು ಎಳೆಯುವುದು ದೊಡ್ಡ ಪಿಸ್ತೂಲಿನ ಸ್ಲೈಡ್ ಎಳೆಯುವುದಕ್ಕಿಂತ ಕಷ್ಟ. ಚಿಕ್ಕ ಕೈಯವರಿಗೆ ಚಿಕ್ಕ ಪಿಸ್ತೂಲು ಎಂಬ ಮಾತು ಸೋಲುವುದು ಮೊದಲು ಇಲ್ಲಿ.

ನಾನು ತರಬೇತಿ ಕೊಡುವ ಫೈರಿಂಗ್ ರೇಂಜಿಗೆ ಒಮ್ಮೆ ಒಬ್ಬ ಮಹಿಳೆ ತಮ್ಮ ಹೊಸ ಜೇಬು ಪಿಸ್ತೂಲನ್ನು ತಂದಿದ್ದರು. ಸ್ಲೈಡಿನ ಹಿಂಭಾಗದಲ್ಲಿ ಬೆರಳಿಗೆ ಹಿಡಿತ ಕೊಡುವ ಗೀರುಗಳಿಗೆ ಎರಡು ಬೆರಳಗಲದಷ್ಟೂ ಜಾಗವಿರಲಿಲ್ಲ. ಮೊದಲ ಎರಡು ಸಲ ಬೆರಳು ಜಾರಿತು, ಮೂರನೆಯ ಸಲ ಅವರು ಅರ್ಧ ಎಳೆದು ಬಿಟ್ಟಾಗ ತೋಟಾ ಚೇಂಬರಿನ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡಿನ) ಬಾಯಲ್ಲಿ ಓರೆಯಾಗಿ ಸಿಕ್ಕಿಕೊಂಡಿತು. ಇಪ್ಪತ್ತು ಗುಂಡು ಮುಗಿಯುವ ಹೊತ್ತಿಗೆ ಅವರ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಚರ್ಮ ಕೆಂಪಾಗಿತ್ತು. ನಾನು ಅವರಿಗೆ ಹೇಳಿಯೇ, ಹಿಡಿಯೊಳಗೆ ಕೂರುವ ತೋಟಾ ಡಬ್ಬಿಯಾದ ಮ್ಯಾಗಜೀನಿನ ನಡುವೆ ಎಲ್ಲಿಯೋ ಒಂದು ಕಡೆ ಹಾರದ ಡಮ್ಮಿ ತೋಟಾ ಸೇರಿಸಿಕೊಟ್ಟೆ. ಅದರ ಸರದಿ ಬಂದಾಗ ಸದ್ದೂ ಇಲ್ಲ, ಒದೆತವೂ ಇಲ್ಲ, ಆದರೆ ಪಿಸ್ತೂಲಿನ ಮೂತಿ ಮಾತ್ರ ಒಂದು ಬೆರಳಷ್ಟು ಕೆಳಕ್ಕೆ ಕುಸಿಯಿತು. ಬರಲಿರುವ ಒದೆತಕ್ಕೆ ಹೆದರಿ ಕೈ ಮೊದಲೇ ಅದುಮುತ್ತಿತ್ತು ಎಂಬುದು ಅವರಿಗೇ ಕಣ್ಣಾರೆ ಕಂಡಿತು. ಅದೇ ದಿನ ಅವರ ಕೈಗೆ ಮಧ್ಯಮ ಗಾತ್ರದ 9 ಎಂಎಂ ಪಿಸ್ತೂಲು ಕೊಟ್ಟಾಗ, ತೋಟಾ ಹೆಚ್ಚು ಬಲದ್ದಾಗಿದ್ದರೂ, ಏಳು ಮೀಟರ್ ದೂರದಲ್ಲಿ ಗುಂಡುಗಳು ಅಂಗೈ ಅಗಲದೊಳಗೆ ಬಿದ್ದವು. ಅವರ ಕೈ ಬದಲಾಗಿರಲಿಲ್ಲ, ಕೈಯೊಳಗಿನ ವಸ್ತು ಬದಲಾಗಿತ್ತು.

ಇನ್ನು ಆಯ್ಕೆಯ ತಿರುಳಾದ ಹಿಡಿಯ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಕೊಳ್ಳುವವರು ನಳಿಗೆಯ ಉದ್ದವನ್ನು ನೋಡುವಷ್ಟು ಗಮನವಿಟ್ಟು ಹಿಡಿಯ ಉದ್ದವನ್ನು ನೋಡುವುದಿಲ್ಲ. ಸೊಂಟಪಟ್ಟಿಯ ಒಳಗೆ ಒಯ್ಯುವಾಗ ನಳಿಗೆ ಕೆಳಮುಖವಾಗಿ ಉಡುಪಿನೊಳಗೆ ಇಳಿದಿರುತ್ತದೆ. ಅದು ಒಂದೆರಡು ಸೆಂಟಿಮೀಟರ್ ಉದ್ದವಾದರೂ ಯಾರಿಗೂ ಕಾಣುವುದಿಲ್ಲ, ಬದಲಿಗೆ ಪಿಸ್ತೂಲು ಮೇಲ್ಭಾರವಾಗಿ ಹೊರಕ್ಕೆ ವಾಲದಂತೆ ತಡೆಯುತ್ತದೆ. ಬಟ್ಟೆಯ ಮೇಲೆ ಉಬ್ಬಾಗಿ ಮೂಡುವುದು ಹಿಡಿಯ ಕೆಳತುದಿ. ಹಾಗಾಗಿ ಅಡಗಿಸುವ ದೃಷ್ಟಿಯಿಂದ ಹಿಡಿ ಗಿಡ್ಡವಾಗಿರಬೇಕು, ಹಾರಿಸುವ ದೃಷ್ಟಿಯಿಂದ ಉದ್ದವಾಗಿರಬೇಕು. ಸಣ್ಣ ಪಿಸ್ತೂಲಿನ ಎಲ್ಲ ಜಗ್ಗಾಟವೂ ಇಲ್ಲಿದೆ. ಗ್ಲಾಕ್ 43 ಮತ್ತು 43ಎಕ್ಸ್ ಎಂಬ ಎರಡು ಮಾದರಿಗಳನ್ನು ಪಕ್ಕಪಕ್ಕ ಇಟ್ಟರೆ ಇದು ಸ್ಪಷ್ಟವಾಗುತ್ತದೆ. 2015ರಲ್ಲಿ ಬಂದ 43ರ ಎತ್ತರ 108 ಮಿ.ಮೀ., ಮ್ಯಾಗಜೀನಿನಲ್ಲಿ ಆರು ತೋಟಾ. 2019ರಲ್ಲಿ ಬಂದ 43ಎಕ್ಸ್‌ಗೆ ನಳಿಗೆಯ ಉದ್ದ ಅಷ್ಟೇ, ಎತ್ತರ ಮಾತ್ರ 128 ಮಿ.ಮೀ., ತೋಟಾ ಹತ್ತು. ಆ ಎರಡು ಸೆಂಟಿಮೀಟರಿನಲ್ಲಿ ಕಿರುಬೆರಳಿಗೆ ಜಾಗ ಸಿಗುತ್ತದೆ. ಗಿಡ್ಡ ಹಿಡಿಯಲ್ಲಿ ಕಿರುಬೆರಳು ಮ್ಯಾಗಜೀನಿನ ಕೆಳಗೆ ಗಾಳಿಯಲ್ಲಿ ಮಡಚಿಕೊಂಡಿರುತ್ತದೆ, ಮತ್ತು ಪ್ರತಿ ಗುಂಡಿಗೂ ಪಿಸ್ತೂಲು ಅಂಗೈಯಲ್ಲಿ ತುಸು ತಿರುಗುವುದರಿಂದ ಎರಡನೆಯ ಗುಂಡಿಗೆ ಮೊದಲು ಹಿಡಿತವನ್ನು ಸರಿಪಡಿಸಿಕೊಳ್ಳಬೇಕಾಗುತ್ತದೆ.

ನಿಮ್ಮ ಕೈ ಚಿಕ್ಕದೆಂಬುದು ಇಲ್ಲಿ ಅನುಕೂಲವೇ ಆಗುತ್ತದೆ. ದೊಡ್ಡ ಕೈಯವರಿಗೆ ಮೂರು ಬೆರಳು ಕೂರದ ಹಿಡಿಯಲ್ಲಿ ನಿಮಗೆ ಮೂರೂ ಕೂರಬಹುದು. ಆದರೆ ಎತ್ತರವೊಂದನ್ನೇ ಅಲ್ಲ, ಸುತ್ತಳತೆಯನ್ನೂ ನೋಡಿ: ಪಿಸ್ತೂಲನ್ನು ಅಂಗೈಯ ನಡುವೆ ನೇರವಾಗಿ ಕೂರಿಸಿ, ನಳಿಗೆ ಮುಂಗೈಯ ಎಲುಬಿನ ನೇರಕ್ಕೆ ಇರುವಂತೆ ಹಿಡಿದಾಗ, ತೋರುಬೆರಳಿನ ಮೊದಲ ಗೆಣ್ಣು ಟ್ರಿಗರಿನ ಮೇಲೆ ಆರಾಮವಾಗಿ ತಲುಪಬೇಕು. ಬೆರಳ ತುದಿ ಮಾತ್ರ ತಲುಪಿ, ಅದಕ್ಕಾಗಿ ನೀವು ಪಿಸ್ತೂಲನ್ನು ಅಂಗೈಯಲ್ಲಿ ಪಕ್ಕಕ್ಕೆ ತಿರುಗಿಸಬೇಕಾದರೆ ಆ ಹಿಡಿ ನಿಮಗೆ ದಪ್ಪವಾಯಿತು. ಈ ಪರೀಕ್ಷೆಯನ್ನು ಅಂಗಡಿಯಲ್ಲಿ, ಪಿಸ್ತೂಲು ಖಾಲಿಯಿದೆಯೆಂದು ನೀವೂ ಮಾರುವವರೂ ಕಣ್ಣಿನಿಂದಲೂ ಬೆರಳಿನಿಂದಲೂ ಚೇಂಬರನ್ನು ನೋಡಿ ಖಚಿತಪಡಿಸಿಕೊಂಡ ಮೇಲೆ, ಮೂತಿಯನ್ನು ಯಾರ ಕಡೆಗೂ ತಿರುಗಿಸದೆ ಮಾಡಬೇಕು.

ಗುರಿ ನೋಡಲು ಪಿಸ್ತೂಲಿನ ಮೇಲಿರುವ ಸೈಟ್‌ಗಳ ವಿಷಯ ಚಿಕ್ಕ ಲೆಕ್ಕ. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ 130 ಮಿ.ಮೀ. ಅಂತರವಿರುವ ಪಿಸ್ತೂಲಿನಲ್ಲಿ ನೀವು 1 ಮಿ.ಮೀ. ತಪ್ಪಿ ಹಿಡಿದರೆ ಏಳು ಮೀಟರಿನಲ್ಲಿ ಗುಂಡು ಸುಮಾರು 54 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ, ಅಂತರ 100 ಮಿ.ಮೀ. ಮಾತ್ರ ಇದ್ದರೆ ಅದೇ ತಪ್ಪು 70 ಮಿ.ಮೀ. ಆಗುತ್ತದೆ. ಜೇಬು ಪಿಸ್ತೂಲುಗಳಲ್ಲಿ ಸೈಟ್ ಎನ್ನುವುದು ಎಷ್ಟೋ ಸಲ ಸ್ಲೈಡಿನ ಮೇಲೆ ಕೊರೆದ ಸಣ್ಣ ಗೀಟು ಮಾತ್ರ. ನಿಮ್ಮ ಕಣ್ಣಿಗೆ ಥಟ್ಟನೆ ಸಿಗುವ, ಬಣ್ಣದ ಅಥವಾ ಕತ್ತಲಲ್ಲಿ ಹೊಳೆಯುವ ಮುಂದಿನ ಸೈಟ್ ಇರುವ ಮಾದರಿಯನ್ನೇ ನೋಡಿ.

ತೋಟಾದ ಆಯ್ಕೆಗೆ ಬರೋಣ. ನಿಮ್ಮ ಪರವಾನಗಿ ಯಾವ ಅಳತೆಯ ತೋಟಾಕ್ಕೆ ಅವಕಾಶ ಕೊಡುತ್ತದೆ ಎಂಬುದು ಮೊದಲ ಮಾತು. 9 ಎಂಎಂ ತೋಟಾವನ್ನು ಸಾಮಾನ್ಯ ನಾಗರಿಕರಿಗೆ ಕೊಡದ ದೇಶಗಳಿವೆ, ಮ್ಯಾಗಜೀನಿನಲ್ಲಿ ಹತ್ತಕ್ಕಿಂತ ಹೆಚ್ಚು ತೋಟಾ ಇರಕೂಡದೆಂಬ ಕಟ್ಟಳೆ ಇರುವ ಪ್ರಾಂತ್ಯಗಳೂ ಇವೆ. ಎರಡಕ್ಕೂ ಅವಕಾಶವಿದ್ದರೆ ನಾನು 9 ಎಂಎಂ ಕಡೆಗೇ ನಿಲ್ಲುತ್ತೇನೆ. 1986ರಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ತನ್ನ ಇಬ್ಬರು ಅಧಿಕಾರಿಗಳನ್ನು ಕಳೆದುಕೊಂಡ ಮೇಲೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಗುಂಡುಗಳನ್ನು ಒರೆಗೆ ಹಚ್ಚುವ ಕ್ರಮವನ್ನೇ ಹೊಸದಾಗಿ ರೂಪಿಸಿತು. ಅದರ ಪ್ರಕಾರ ಮಾಂಸಖಂಡದ ಬದಲಿಗೆ ಬಳಸುವ ಪರೀಕ್ಷೆಯ ಜೆಲಟಿನ್ ಅಚ್ಚಿನೊಳಗೆ ಗುಂಡು 12ರಿಂದ 18 ಅಂಗುಲ, ಅಂದರೆ ಸುಮಾರು 30ರಿಂದ 45 ಸೆಂ.ಮೀ. ಆಳಕ್ಕೆ ಇಳಿಯಬೇಕು. ಚಿಕ್ಕ ನಳಿಗೆಯಿಂದ ಹೊರಟ ಇಂದಿನ ಒಳ್ಳೆಯ 9 ಎಂಎಂ ಗುಂಡುಗಳು ಮೂತಿ ಅರಳಿಸಿಕೊಂಡೂ ಈ ಆಳವನ್ನು ಮುಟ್ಟುತ್ತವೆ. ಜಾನ್ ಬ್ರೌನಿಂಗ್ 1908ರಲ್ಲಿ ರೂಪಿಸಿದ .380 ಎಸಿಪಿ ತೋಟಾದಲ್ಲಿ ಅಷ್ಟು ಬಲವಿಲ್ಲದ್ದರಿಂದ ಅದು ಹಲವು ಸಲ ಎರಡರಲ್ಲಿ ಒಂದನ್ನು ಬಿಟ್ಟುಕೊಡುತ್ತದೆ: ಅರಳಿದರೆ ಆಳಕ್ಕೆ ಹೋಗುವುದಿಲ್ಲ, ಆಳಕ್ಕೆ ಹೋದರೆ ಅರಳಿರುವುದಿಲ್ಲ. ಹಾಗೆಂದು .380 ನಿಷ್ಪ್ರಯೋಜಕವೆಂದು ತಿಳಿಯಬೇಡಿ. ಗುರಿಯ ಮೇಲೆ ಬಿದ್ದ .380 ಗುಂಡು ಗುರಿ ತಪ್ಪಿದ 9 ಎಂಎಂ ಗುಂಡಿಗಿಂತ ಎಂದೆಂದಿಗೂ ಮೇಲು.

.380 ಎಂದರೆ ಮೆತ್ತನೆಯ ಒದೆತ ಎಂದು ಬಹಳ ಮಂದಿ ನಂಬುತ್ತಾರೆ. ಅದು ಪಿಸ್ತೂಲಿನ ಒಳಗಿನ ರಚನೆಯ ಮೇಲೆ ನಿಂತಿದೆ. 1931ರ ವಾಲ್ಥರ್ ಪಿಪಿಕೆಯಂಥ ಹಳೆಯ ಮಾದರಿಗಳಲ್ಲಿ ನಳಿಗೆ ಕದಲದೆ ನಿಂತಿರುತ್ತದೆ. ಗುಂಡು ಹಾರಿದಾಗ ಸ್ಲೈಡನ್ನು ತಡೆಹಿಡಿಯುವುದು ಅದರ ತೂಕ ಮತ್ತು ಸ್ಪ್ರಿಂಗ್ ಮಾತ್ರ. ಹಾಗಾಗಿ ಒದೆತ ಚುರುಕಾಗಿ ಕೈಗೆ ಚುಚ್ಚುತ್ತದೆ, ಸ್ಪ್ರಿಂಗೂ ಬಿಗಿ. ನಳಿಗೆಯೂ ಸ್ಲೈಡೂ ಕೊಂಡಿಹಾಕಿಕೊಂಡಂತೆ ಸ್ವಲ್ಪ ದೂರ ಒಟ್ಟಿಗೆ ಹಿಂದೆ ಸರಿದು ಆಮೇಲೆ ಬೇರೆಯಾಗುವ ರಚನೆಯಿದ್ದರೆ ಅದೇ ತೋಟಾ ಎಷ್ಟೋ ಮೃದುವೆನಿಸುತ್ತದೆ. ಕೈಯಲ್ಲಿ ಬಲ ಕಡಿಮೆಯಿರುವವರಿಗೆಂದೇ 2018ರಲ್ಲಿ ಸ್ಮಿತ್ ಅಂಡ್ ವೆಸನ್ ತಂದ .380 ಶೀಲ್ಡ್ ಈಜೀ ಎಂಬ ಮಾದರಿ ಈ ಎರಡನೆಯ ಬಗೆಯದು. ಅದರ ಸ್ಲೈಡ್ ನಿಜಕ್ಕೂ ಹಗುರವಾಗಿ ಬರುತ್ತದೆ. ಗಮನಿಸಿ, ಅದು ಜೇಬು ಪಿಸ್ತೂಲಲ್ಲ, ಸಣ್ಣ 9 ಎಂಎಂ ಪಿಸ್ತೂಲುಗಳಷ್ಟೇ ದೊಡ್ಡದು. 2008ರಲ್ಲಿ ಬಂದ ರೂಗರ್ ಎಲ್‌ಸಿಪಿಯಂಥ, ಖಾಲಿಯಿದ್ದಾಗ ಸುಮಾರು 270 ಗ್ರಾಂ ತೂಗುವ ನಿಜವಾದ ಜೇಬು ಪಿಸ್ತೂಲು ಬೇರೆ ಯಾವುದನ್ನೂ ಒಯ್ಯಲಾಗದ ದಿನಕ್ಕೆ, ಪಳಗಿದವರ ಎರಡನೆಯ ಪಿಸ್ತೂಲಾಗಿ ಇರಲಿ.

ರಿವಾಲ್ವರಿನ ವಿಚಾರದಲ್ಲಿ ನನ್ನ ಅಭಿಪ್ರಾಯಕ್ಕೆ ಒಪ್ಪದ ಅನುಭವಿಗಳಿದ್ದಾರೆ, ಅವರ ವಾದಕ್ಕೂ ತೂಕವಿದೆ. ಐದು ಗುಂಡಿನ ಚಿಕ್ಕ ರಿವಾಲ್ವರ್ ಸರಳ: ಎಳೆಯಬೇಕಾದ ಸ್ಲೈಡ್ ಇಲ್ಲ, ಹಿಡಿತ ಸಡಿಲವಾದರೆ ಸಿಕ್ಕಿಕೊಳ್ಳುವ ಭಯವಿಲ್ಲ, ತೋಟಾ ಸಿಡಿಯಲು ಬಡಿಯುವ ಹ್ಯಾಮರ್ ಒಳಗೆ ಅಡಗಿರುವ ಮಾದರಿ ಬಟ್ಟೆಗೆ ತೊಡರುವುದಿಲ್ಲ. ಆದರೆ ಅದರ ಟ್ರಿಗರ್ ಎಳೆಯಲು ಐದು ಕಿಲೋದಷ್ಟು ಬಲ ಬೇಕು, ಹಗುರ ಲೋಹದ ಚೌಕಟ್ಟಿನ ರಿವಾಲ್ವರಿನ ತೂಕವೋ ಸುಮಾರು 400 ಗ್ರಾಂ. ತನ್ನ ತೂಕದ ಹನ್ನೆರಡು ಪಟ್ಟು ಬಲದಿಂದ ಎಳೆಯುತ್ತಿರುವಾಗ ವಸ್ತು ಕದಲದಂತೆ ಹಿಡಿಯಬೇಕೆಂದರೆ ಅದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು. ಸಣ್ಣ 9 ಎಂಎಂ ಪಿಸ್ತೂಲಿನಲ್ಲಿ ಈ ಬಲ ಸಾಮಾನ್ಯವಾಗಿ ಎರಡೂವರೆ ಕಿಲೋದ ಆಸುಪಾಸು. ನಿಮ್ಮ ಬೆರಳುಗಳಿಗೆ ಸ್ಲೈಡ್ ಎಳೆಯುವುದು ಏನು ಮಾಡಿದರೂ ಆಗದೆಂದಾದರೆ ಮಾತ್ರ ರಿವಾಲ್ವರ್ ಕಡೆ ನೋಡಿ; ಆಗಲೂ ಉಕ್ಕಿನ ಚೌಕಟ್ಟಿನದನ್ನು ನೋಡಿ.

ಹೀಗೆ ಉಳಿಯುವುದು ಸಣ್ಣ 9 ಎಂಎಂ. ಈ ಬಗೆಯಲ್ಲಿ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಆದ ಬದಲಾವಣೆ ದೊಡ್ಡದು. 2012ರಲ್ಲಿ ಸ್ಮಿತ್ ಅಂಡ್ ವೆಸನ್ ಶೀಲ್ಡ್ ಬಂದಾಗ ತೆಳು ಪಿಸ್ತೂಲೆಂದರೆ ತೋಟಾಗಳು ಒಂದೇ ಸಾಲಿನಲ್ಲಿ ಕೂರುವ, ಏಳೆಂಟು ಗುಂಡಿನ ಪಿಸ್ತೂಲೆಂದೇ ಅರ್ಥವಿತ್ತು. 2018ರ ಸಿಗ್ ಸಾವರ್ ಪಿ365 ಆ ಕಟ್ಟನ್ನು ಮುರಿಯಿತು: ಅದರ ಮ್ಯಾಗಜೀನಿನ ಕೆಳಭಾಗದಲ್ಲಿ ತೋಟಾಗಳು ಒಂದರ ಪಕ್ಕಕ್ಕೊಂದು ಓರೆಯಾಗಿ ಕೂತು ಮೇಲೆ ಬರುವಾಗ ಒಂದೇ ಸಾಲಾಗುತ್ತವೆ, ಹೀಗಾಗಿ ಸುಮಾರು ಒಂದು ಅಂಗುಲ ದಪ್ಪದೊಳಗೇ ಹತ್ತು ತೋಟಾ ಹಿಡಿಯಿತು. ಮರುವರ್ಷವೇ ಸ್ಪ್ರಿಂಗ್‌ಫೀಲ್ಡ್ ಹೆಲ್‌ಕ್ಯಾಟ್, 2021ರಲ್ಲಿ ಶೀಲ್ಡ್ ಪ್ಲಸ್ ಅದೇ ದಾರಿ ಹಿಡಿದವು. ನಿಮಗೆ ನಾನು ಹೇಳುವುದು, ಈ ಗುಂಪಿನಲ್ಲಿ ಹಿಡಿ ಸ್ವಲ್ಪ ಉದ್ದವಿರುವ ಪಿ365ಎಕ್ಸ್‌ಎಲ್, 43ಎಕ್ಸ್, ಶೀಲ್ಡ್ ಪ್ಲಸ್ ಈ ಮೂರನ್ನೂ ಬಾಡಿಗೆಗೋ ಪರಿಚಿತರಿಂದಲೋ ಪಡೆದು ರೇಂಜಿನಲ್ಲಿ ತಲಾ ಐವತ್ತು ಗುಂಡು ಹಾರಿಸಿ ನೋಡಿ. ಕೊನೆಯ ಹತ್ತು ಗುಂಡುಗಳು ಮೊದಲ ಹತ್ತರಷ್ಟೇ ಒತ್ತಾಗಿ ಬಿದ್ದವೇ ಎಂಬುದನ್ನು ನೋಡಿ ಆರಿಸಿ. ಕೈ ಸೋತು ಗುಂಡುಗಳು ಹರಡಿಹೋದರೆ, ಆ ಪಿಸ್ತೂಲಿನಿಂದ ನೀವು ಮನಸಾರೆ ಅಭ್ಯಾಸ ಮಾಡಲಾರಿರಿ.

ಪಿಸ್ತೂಲಿನಷ್ಟೇ ಯೋಚಿಸಿ ಕೊಳ್ಳಬೇಕಾದದ್ದು ಹೋಲ್‌ಸ್ಟರ್, ಅಂದರೆ ಪಿಸ್ತೂಲನ್ನು ಮೈಮೇಲೆ ಇಟ್ಟುಕೊಳ್ಳುವ ಒರೆ. ಇಂದಿನ ಹಲವು ಸಣ್ಣ ಪಿಸ್ತೂಲುಗಳಲ್ಲಿ ಹೊರಗಿನಿಂದ ಒತ್ತುವ ಸುರಕ್ಷಾ ಗುಂಡಿ ಇರುವುದಿಲ್ಲ. ಕೆಳಗೆ ಬಿದ್ದರೆ ಹಾರದಂತೆ ಒಳಗೆ ತಡೆಗಳಿರುತ್ತವೆ, ಆದರೆ ಟ್ರಿಗರ್ ಒತ್ತಿದರೆ ಹಾರಿಯೇ ಹಾರುತ್ತದೆ, ಒತ್ತಿದ್ದು ಬೆರಳೋ ಅಂಗಿಯ ಅಂಚೋ ಎಂದು ಅದಕ್ಕೆ ತಿಳಿಯದು. ಆದ್ದರಿಂದ ಟ್ರಿಗರಿನ ಸುತ್ತಲ ಬಳೆಯನ್ನು ಪೂರ್ತಿ ಮುಚ್ಚುವ, ಆ ಮಾದರಿಗೆಂದೇ ಅಚ್ಚು ಹಾಕಿದ ಗಟ್ಟಿ ಹೋಲ್‌ಸ್ಟರ್ ಬೇಕು. ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು ಅಥವಾ ಗಡುಸು ಚರ್ಮದ್ದು ಆಗಬಹುದು. ಎಲ್ಲ ಪಿಸ್ತೂಲಿಗೂ ಹೊಂದುತ್ತದೆಂದು ಮಾರುವ ಮೆತ್ತನೆಯ ಬಟ್ಟೆಯ ಚೀಲ ಬೇಡ. ಪಿಸ್ತೂಲು ಹೊರಬಂದ ಮೇಲೆ ಅದರ ಬಾಯಿ ಮುಚ್ಚಿಕೊಳ್ಳುತ್ತದೆ, ಮತ್ತೆ ಇಡಲು ಎರಡನೆಯ ಕೈ ಹೋಗಿ ಮೂತಿಯ ಮುಂದೆಯೇ ನಿಲ್ಲುತ್ತದೆ. ಅಪಘಾತಗಳು ಹೊರತೆಗೆಯುವಾಗ ಆಗುವುದಕ್ಕಿಂತ ಮರಳಿ ಇಡುವಾಗ ಆಗುವ ಸಂಭವ ಹೆಚ್ಚು. ಜಾಕೆಟ್ಟಿನ ದಾರದ ತುದಿಯ ಗುಬ್ಬಿ ಟ್ರಿಗರ್ ಬಳೆಯೊಳಗೆ ತೂರಿದ್ದನ್ನು ನಾನು ಶಿಷ್ಯರೊಬ್ಬರ ಸೊಂಟದಲ್ಲಿ ಕಂಡು, ಕೈ ತಡೆದು ನಿಲ್ಲಿಸಿದ್ದೇನೆ. ಬಟ್ಟೆಯನ್ನು ಪೂರ್ತಿ ಎತ್ತಿ ಹಿಡಿದು, ಕಣ್ಣಿನಿಂದ ನೋಡುತ್ತ, ಬೆರಳನ್ನು ಸ್ಲೈಡಿನ ಪಕ್ಕಕ್ಕೆ ಚಾಚಿಟ್ಟುಕೊಂಡು, ನಿಧಾನವಾಗಿ ಇಡಿ. ಅವಸರಪಡಬೇಕಾದ ಕಾರಣ ಆಗ ಯಾವುದೂ ಇರುವುದಿಲ್ಲ. ಕೈಚೀಲದಲ್ಲಿ ಒಯ್ಯುವುದನ್ನು ನಾನು ಒಪ್ಪುವುದಿಲ್ಲ. ಚೀಲವನ್ನು ಎಲ್ಲಿಯೋ ಇಡುತ್ತೇವೆ, ಮರೆಯುತ್ತೇವೆ, ಮಕ್ಕಳು ಅದರೊಳಗೆ ಕೈ ಹಾಕುತ್ತಾರೆ.

ಮಕ್ಕಳ ಮಾತು ಬಂದಿತೆಂದು ಇದನ್ನೂ ಹೇಳಬೇಕು. ಮೈಮೇಲೆ ಇಲ್ಲದ ಹೊತ್ತಿನಲ್ಲೆಲ್ಲ ಪಿಸ್ತೂಲು ಬೀಗದೊಳಗೆ ಇರಬೇಕು. ಕಪಾಟಿನ ಮೇಲಿನ ಅಟ್ಟ, ದಿಂಬಿನ ಕೆಳಗು, ಬಟ್ಟೆಯ ಮಡಿಕೆ ಇವು ಯಾವುವೂ ಬೀಗವಲ್ಲ. ಗೋಡೆಗೋ ಮಂಚದ ಕಾಲಿಗೋ ಬಿಗಿದ, ಗುಂಡಿಯ ಸಂಖ್ಯೆ ಒತ್ತಿ ತೆರೆಯುವ ಸಣ್ಣ ಉಕ್ಕಿನ ಪೆಟ್ಟಿಗೆಯನ್ನು ಪಿಸ್ತೂಲಿನ ಜೊತೆಯಲ್ಲೇ ಕೊಳ್ಳಿ. ಮನೆಯಲ್ಲಿ ಯಾರಾದರೂ ತೀವ್ರವಾದ ಮನೋವೇದನೆಯಲ್ಲಿದ್ದರೆ, ಅದು ನೀವೇ ಆಗಿದ್ದರೂ, ಆ ಕಾಲ ಕಳೆಯುವವರೆಗೆ ಪಿಸ್ತೂಲನ್ನು ಕಾನೂನು ಒಪ್ಪುವ ಬೇರೆ ಸ್ಥಳದಲ್ಲಿ ಇರಿಸಿ. ಬಂದೂಕು ಕೈಗೆಟುಕುವ ಮನೆಯಲ್ಲಿ ಒಂದು ಕ್ಷಣದ ನಿರಾಶೆಯನ್ನು ಹಿಂತೆಗೆದುಕೊಳ್ಳಲು ಅವಕಾಶ ಸಿಗುವುದಿಲ್ಲ.

ಕೊಂಡ ಮೇಲೆ ಮೊದಲ ಎರಡು ವಾರ ಪಿಸ್ತೂಲನ್ನು ಹೊರಗೆ ಒಯ್ಯಬೇಡಿ. ಮನೆಯೊಳಗೆ, ಚೇಂಬರೂ ಮ್ಯಾಗಜೀನೂ ಖಾಲಿಯಿರುವಾಗ, ಸ್ಲೈಡನ್ನು ಒಮ್ಮೆ ಎಳೆದು ಬಿಟ್ಟು ಹೋಲ್‌ಸ್ಟರಿನಲ್ಲಿಟ್ಟು ಧರಿಸಿ. ಕೂತು, ಬಗ್ಗಿ, ಮೆಟ್ಟಿಲು ಹತ್ತಿ ಇಳಿದು ದಿನದ ಕೆಲಸವನ್ನೆಲ್ಲ ಮಾಡಿ. ಗ್ಲಾಕ್‌ನಂಥ ಮಾದರಿಯಲ್ಲಿ, ಸಂಜೆ ನೋಡಿದಾಗ ಟ್ರಿಗರ್ ಮುಂದೆಯೇ ಇದ್ದರೆ ದಿನವಿಡೀ ಅದನ್ನು ಏನೂ ಒತ್ತಲಿಲ್ಲವೆಂದು ನಿಮಗೇ ತಿಳಿಯುತ್ತದೆ. ಹಿಡಿಯ ತುದಿ ಎಲ್ಲಿ ಉಬ್ಬುತ್ತದೆ, ಯಾವ ಬೆಲ್ಟ್ ಜೋಲುತ್ತದೆ ಎಂಬುದೂ ಕನ್ನಡಿಯ ಮುಂದೆ ಆಗಲೇ ಗೊತ್ತಾಗುತ್ತದೆ. ಇದೇ ಅವಧಿಯಲ್ಲಿ ರೇಂಜಿಗೆ ಹೋಗಿ, ನೀವು ಒಯ್ಯಲಿರುವ ತೋಟಾವನ್ನೇ ಕನಿಷ್ಠ ಇನ್ನೂರು ಹಾರಿಸಿ, ಎಲ್ಲ ಮ್ಯಾಗಜೀನುಗಳನ್ನೂ ಬಳಸಿ, ಒಮ್ಮೆಯೂ ಸಿಕ್ಕಿಕೊಳ್ಳುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಸಣ್ಣ ಪಿಸ್ತೂಲುಗಳು ಸಡಿಲ ಮಣಿಕಟ್ಟನ್ನು ಸಹಿಸುವುದಿಲ್ಲ. ಸಿಕ್ಕಿಕೊಂಡರೆ ಪಿಸ್ತೂಲನ್ನು ದೂರುವ ಮೊದಲು ಮಣಿಕಟ್ಟನ್ನು ಬಿಗಿಮಾಡಿ ಮತ್ತೊಮ್ಮೆ ನೋಡಿ. ಆಗಲೂ ಸಿಕ್ಕಿಕೊಂಡರೆ ತೋಟಾದ ಬ್ರಾಂಡ್ ಬದಲಿಸಿ, ಲೆಕ್ಕವನ್ನು ಮತ್ತೆ ಒಂದರಿಂದ ಆರಂಭಿಸಿ.

ಒಯ್ಯಲು ಶುರುಮಾಡಿದ ಮೇಲೆ ದಿನವೂ ರಾತ್ರಿ ಚೇಂಬರ್ ಖಾಲಿಮಾಡಿ ಬೆಳಿಗ್ಗೆ ಅದೇ ತೋಟಾವನ್ನು ಮತ್ತೆ ಏರಿಸುವ ಅಭ್ಯಾಸ ಬೇಡ. ಹೋಲ್‌ಸ್ಟರಿನೊಂದಿಗೇ ಬಿಚ್ಚಿ ಬೀಗದ ಪೆಟ್ಟಿಗೆಯಲ್ಲಿಡುವುದು ಮೇಲು. ಪ್ರತಿ ಸಲ ಸ್ಲೈಡ್ ಬಡಿದಾಗ ಗುಂಡು ತನ್ನ ಹಿತ್ತಾಳೆಯ ಕೊಳವೆಯೊಳಗೆ ಕೂದಲೆಳೆಯಷ್ಟು ಹಿಂದಕ್ಕೆ ಸರಿಯುತ್ತದೆ, ಒಳಗಿನ ಜಾಗ ಕುಗ್ಗುತ್ತದೆ, ಹಾರಿಸಿದಾಗ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ವಾರಕ್ಕೊಮ್ಮೆ ಪಿಸ್ತೂಲನ್ನು ಖಾಲಿಮಾಡಿ, ಸೇರಿಕೊಂಡ ಬಟ್ಟೆಯ ನೂಲನ್ನು ಬ್ರಷ್ಷಿನಿಂದ ತೆಗೆಯುವಾಗ, ಚೇಂಬರಿನಿಂದ ಬಂದ ತೋಟಾವನ್ನು ಪೆಟ್ಟಿಗೆಯಲ್ಲಿನ ಹೊಸ ತೋಟಾದ ಪಕ್ಕದಲ್ಲಿ ಮೇಜಿನ ಮೇಲೆ ನಿಲ್ಲಿಸಿ ನೋಡಿ. ತುಸು ಗಿಡ್ಡವೆನಿಸಿದರೂ ಅದನ್ನು ಮತ್ತೆ ಪಿಸ್ತೂಲಿಗೆ ತುಂಬಬೇಡಿ. ಬೇರೆಯಾಗಿ ತೆಗೆದಿಟ್ಟು, ಮುಂದಿನ ಸಲ ರೇಂಜಿಗೆ ಹೋದಾಗ ವಿಲೇವಾರಿಗೆಂದು ಅಲ್ಲಿಯವರಿಗೆ ಒಪ್ಪಿಸಿ.